ಒಂದೂವರೆಗೆ ಹಸಿವಾಗಬೇಕು

ಅವರ ಅಂಗೈ ಹಳದಿಯಾಗಿತ್ತು. ಕಾಮಾಲೆ ಇರಬೇಕು ಅಂತ ಅವರ ಅಕ್ಕ ಗಾಬರಿಯಾಗಿ ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದರು. ಕಾಮಾಲೆಯಾದರೆ ಕಣ್ಣಿನ ಬಿಳಿಭಾಗವೂ ಹಳದಿಯಾಗುತ್ತದೆ. ಇವರ ಕಣ್ಣು ಬೆಳ್ಳಗೇ ಇತ್ತು. ರಕ್ತ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಕೊನೆಗೆ ವೈದ್ಯರು ಕೇಳಿದರು: "ದಿನಕ್ಕೆ ಎಷ್ಟು ಕ್ಯಾರೆಟ್ ತಿಂತೀರಿ?"

ಆರು. ಕೆಲವು ದಿನ ಎಂಟು.

ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ರಕ್ತದಲ್ಲಿ ಜಾಸ್ತಿಯಾದರೆ ಚರ್ಮಕ್ಕೂ ಆ ಬಣ್ಣ ಬರುತ್ತದೆ. ಅಂಗೈ, ಅಂಗಾಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದರಿಂದ ಅಪಾಯವಿಲ್ಲ. ತಿನ್ನುವುದು ಕಡಿಮೆ ಮಾಡಿದರೆ ನಿಧಾನವಾಗಿ ಹೋಗುತ್ತದೆ. ವೈದ್ಯರು ಇಷ್ಟು ಹೇಳಿ ಕಳಿಸಬೇಕು ಅಂತಲೇ ಇದ್ದರು. ಆದರೆ ಇವರ ಮುಖ ಬಿಳಿಚಿಕೊಂಡಿತಂತೆ. "ಹಾಗಾದ್ರೆ 11 ಗಂಟೆಗೆ ಏನು ತಿನ್ನಲಿ?" ಅಂತ ಕೇಳಿದರಂತೆ. ಒಂದು ಸಲ ಅಲ್ಲ, ನಾಲ್ಕು ಸಲ. ವೈದ್ಯರು ಅವರನ್ನು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದು ಆ ಪ್ರಶ್ನೆಗಾಗಿ, ಹಳದಿ ಅಂಗೈಗಾಗಿ ಅಲ್ಲ.

ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರ ಬದಲಾಯಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು, ಅಕ್ಕನ ಮನೆಯಲ್ಲಿ ವಾಸ. ಅಷ್ಟು ಸಾಕು. ಈ ಥರದವರು ಈಗ ಜಾಸ್ತಿ ಬರುತ್ತಿದ್ದಾರೆ. ಬರೆಯಲು ಇದೊಂದು ಕಾರಣ. ಇನ್ನೊಂದು ಕಾರಣ, ಇವರ ವಿಷಯದಲ್ಲಿ ನಾನೇ ಎಡವಿದೆ.

ಎಲ್ಲ ಶುರುವಾದದ್ದು ಎರಡು ವರ್ಷದ ಹಿಂದೆ. ಮಾಮೂಲಿ ತಪಾಸಣೆಯಲ್ಲಿ ಕೊಲೆಸ್ಟ್ರಾಲ್ ಒಂದು ಚೂರು ಮೇಲಿತ್ತು. "ಊಟದ ಕಡೆ ಸ್ವಲ್ಪ ಗಮನ ಕೊಡಿ" ಅಂದರಂತೆ ಅಲ್ಲಿಯವರು. ಆ ಒಂದು ಮಾತು ಇವರ ಕೈಯಲ್ಲಿ ಒಂದು ನೋಟ್‌ಬುಕ್ ಆಯಿತು. ಮೊದಲ ದಿನವೇ ಅದನ್ನು ನನ್ನ ಮುಂದಿಟ್ಟರು. ಚೆಂದದ ಅಕ್ಷರ. ಒಂದೊಂದು ಪುಟಕ್ಕೆ ಒಂದೊಂದು ಪದಾರ್ಥ, ಅದರ ಕೆಳಗೆ ಅದರ ಗುಣ, ಪಕ್ಕದಲ್ಲಿ ತಿನ್ನುವ ಸಮಯ. ಬೆಳ್ಳುಳ್ಳಿ, ನಿಂಬೆ, ಜೇನು, ಪಾಲಕ್, ಬಾದಾಮಿ. ಹಿಂದಿನ ಪುಟಗಳಲ್ಲಿ ಹಲ್ಲು, ಚರ್ಮ, ಕೂದಲು, ನಿದ್ದೆ. ಎರಡೆರಡು ಗಂಟೆಗೊಮ್ಮೆ ಇಂತಿಷ್ಟು ನೀರು. ಸಂಜೆ 7ರ ನಂತರ ಏನೂ ಇಲ್ಲ.

ನಾನು ಹೊಗಳಿದೆ! "ಎಷ್ಟು ಶಿಸ್ತು ನಿಮ್ಮದು" ಅಂದೆ. ಬಂದವರಲ್ಲಿ ಒಂದು ಒಳ್ಳೆಯದನ್ನು ಗುರುತಿಸಿ ಮಾತು ಶುರು ಮಾಡುವುದು ನನ್ನ ರೂಢಿ. ನಾನೂ ಬಾದಾಮಿ ನೆನೆಸಿಟ್ಟು ತಿನ್ನುವವಳೇ, ಹಾಗಾಗಿ ಆ ಹೊಗಳಿಕೆಯಲ್ಲಿ ಸುಳ್ಳೂ ಇರಲಿಲ್ಲ. ಮನೆಗೆ ಹೋಗಿ ಅವರು ಅಕ್ಕನಿಗೆ ಹೇಳಿದ್ದು: "ನೋಡು, ಮೇಡಂ ಕೂಡ ಸರಿ ಅಂದ್ರು." ಆ ವಾರ ಪಟ್ಟಿಗೆ ಇನ್ನೂ ಮೂರು ಸೇರಿದವು. ಎರಡು ವರ್ಷದಲ್ಲಿ ಹನ್ನೊಂದು ಕಿಲೋ ಇಳಿದಿದ್ದಾರೆ, ಒಂದು ಮದುವೆಗೂ ಹೋಗಿಲ್ಲ, ಯಾರ ಮನೆಯಲ್ಲೂ ಒಂದು ತುತ್ತು ತಿಂದಿಲ್ಲ. ಇದನ್ನೆಲ್ಲ ಎರಡನೇ ಭೇಟಿಯಲ್ಲಿ ಅಕ್ಕ ಹೇಳಬೇಕಾಯಿತು. ನಾನು ಮೊದಲ ದಿನವೇ ಕೇಳಬೇಕಿತ್ತು.

ಮೂರನೇ ಭೇಟಿ ಸ್ವಲ್ಪ ಎಳೆಯಿತು. ಗಂಟೆ ಒಂದು ದಾಟಿತ್ತು. ಅವರು ಬೆಳ್ಳುಳ್ಳಿಯ ಗುಣ ವಿವರಿಸುತ್ತಿದ್ದಾಗ ಅವರ ಹೊಟ್ಟೆ ಗುರ್ ಅಂತು. ಇಬ್ಬರಿಗೂ ಕೇಳಿಸಿತು. ಸುಮ್ನೆ ಕೇಳಿದೆ, "ಹಸಿವಾಗ್ತಿದೆಯಾ?"

ಅವರು ಕೈಗಡಿಯಾರ ನೋಡಿದರು.

"ಇಲ್ಲ ಮೇಡಂ. ಒಂದೂವರೆಗೆ ಆಗಬೇಕು."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ. ಹೊಟ್ಟೆ ಮತ್ತೆ ಸದ್ದು ಮಾಡಿತು. ಅವರು ಅದರ ಮೇಲೆ ಕೈ ಇಟ್ಟುಕೊಂಡರು, ಸಭೆಯಲ್ಲಿ ಮಾತಾಡುವ ಮಗುವಿನ ಬಾಯಿ ಮುಚ್ಚುವ ಹಾಗೆ.

ನನ್ನ ಚೀಲದಲ್ಲಿ ಒಂದು ಬಾಳೆಹಣ್ಣಿತ್ತು. ತೆಗೆದು ಮೇಜಿನ ಮೇಲಿಟ್ಟೆ. ಸಮಾಲೋಚನೆಯ ಹೊತ್ತಲ್ಲಿ ತಿನ್ನಲು ಕೊಡುವುದು ಸರಿಯಲ್ಲ ಅಂತ ನನ್ನ ಜೊತೆಯವರು ಆಮೇಲೆ ಆಕ್ಷೇಪಿಸಿದರು. ಇರಬಹುದು. ಹಸಿದವರ ಮುಂದೆ ಕೂತು ಆಹಾರದ ಬಗ್ಗೆ ಬರೀ ಮಾತಾಡುವುದು ಇನ್ನೂ ಕೆಟ್ಟದ್ದು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ತಿನ್ನಿ ಅಂತ ನಾನು ಒತ್ತಾಯವನ್ನೂ ಮಾಡಲಿಲ್ಲ.

ಅವರು ನೋಟ್‌ಬುಕ್ ತೆರೆದರು. ಒಂದು ಪುಟದಲ್ಲಿ, ಹಣ್ಣನ್ನು ಖಾಲಿ ಹೊಟ್ಟೆಯಲ್ಲೇ ತಿನ್ನಬೇಕು. ಇನ್ನೊಂದು ಪುಟದಲ್ಲಿ, ಬಾಳೆಹಣ್ಣನ್ನು ಖಾಲಿ ಹೊಟ್ಟೆಯಲ್ಲಿ ತಿನ್ನಲೇಬಾರದು. ಎರಡೂ ಅವರದೇ ಕೈಬರಹ. ಎರಡರ ಕೆಳಗೂ ಕೆಂಪು ಗೆರೆ. ಹಿಂದೆ ಮುಂದೆ ತಿರುವಿ ತಿರುವಿ ನೋಡಿದರು.

"ಇದರಲ್ಲಿ ಯಾವುದು ಸರಿ ಮೇಡಂ?"

"ಎರಡೂ ಹಾಗೇನಿಲ್ಲ. ನೀವು ತಿಂದರೆ ಬಾಳೆಹಣ್ಣು ತಿಂದ ಹಾಗಾಗುತ್ತೆ, ಅಷ್ಟೆ."

ಅವರಿಗೆ ಸಿಟ್ಟು ಬಂತು. "ನಿಮಗೆ ಇದು ಹಗುರ" ಅಂದರು. ಹೊಟ್ಟೆ ಕೇಳಿದ್ದನ್ನೆಲ್ಲ ಕೊಡುತ್ತಾ ಹೋಗಿದ್ದಕ್ಕೇ ಆ ರಿಪೋರ್ಟ್ ಹಾಗೆ ಬಂತು, ಇನ್ನು ಅದರ ಮಾತು ಕೇಳಲ್ಲ ಅಂದರು. ಧ್ವನಿ ನಡುಗುತ್ತಿತ್ತು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹಣ್ಣು ಸುಲಿದರು. ಅರ್ಧ ತಿಂದರು. ಉಳಿದ ಅರ್ಧವನ್ನು ಸಿಪ್ಪೆಯಲ್ಲೇ ಸುತ್ತಿ ನನ್ನ ಕಡೆ ತಳ್ಳಿದರು. ಆಗ ಗಂಟೆ 1.20. ನಾನೂ ಗಡಿಯಾರ ನೋಡಿದ್ದೆ, ಒಪ್ಪಿಕೊಳ್ಳುತ್ತೇನೆ.

ಅಕ್ಕನಿಗೆ ನನ್ನಿಂದ ಬೇಕಾಗಿದ್ದದ್ದು ಬೇರೆ. "ಇದೆಲ್ಲ ಸುಳ್ಳು ಅಂತ ಹೇಳಿಬಿಡಿ, ನೋಟ್‌ಬುಕ್ ಹರಿದು ಹಾಕಿ" ಅಂದರು. ನಾನು ಹೇಳಲಿಲ್ಲ. ಯಾಕೆಂದರೆ ಎಲ್ಲವೂ ಸುಳ್ಳಲ್ಲ. ಬೀಟಾ ಕ್ಯಾರೋಟಿನ್ ದೇಹದಲ್ಲಿ ವಿಟಮಿನ್ ಎ ಆಗುವುದು ನಿಜ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ನಿಂಬೆಯ ವಿಟಮಿನ್ ಸಿ ಜೊತೆಗಿದ್ದರೆ ಮೈಗೆ ಚೆನ್ನಾಗಿ ಹತ್ತುವುದೂ ನಿಜ. ಆದರೆ ಈ ಗುಣಗಳೆಲ್ಲ ಕೆಲಸ ಮಾಡುವುದು ಒಂದರ ಜೊತೆ ಒಂದು ಸೇರಿದ ಊಟದಲ್ಲಿ. ಬೀಟಾ ಕ್ಯಾರೋಟಿನ್ ಮೈಗೆ ಚೆನ್ನಾಗಿ ಹತ್ತಲು ಸ್ವಲ್ಪ ಎಣ್ಣೆಯೋ ಬೆಣ್ಣೆಯೋ ಬೇಕು. ಇವರು ಎಣ್ಣೆ ಪೂರ್ತಿ ಬಿಟ್ಟು ಹಸಿ ಕ್ಯಾರೆಟ್ ಎಣಿಸುತ್ತಿದ್ದರು. ಸೊಪ್ಪು ಬೆಳಿಗ್ಗೆ, ನಿಂಬೆ ಇನ್ಯಾವಾಗಲೋ. ಒಂದೇ ತಟ್ಟೆಯಲ್ಲಿ ಇರಬೇಕಾದದ್ದನ್ನು ಗಡಿಯಾರದ ಸುತ್ತ ಹಂಚಿಬಿಟ್ಟಿದ್ದರು.

ಒಳ್ಳೆಯ ಅಭ್ಯಾಸಗಳೂ ಹಾಗೇ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ಎದ್ದ ತಕ್ಷಣ ಗಟ್ಟಿಯಾಗಿ ಹಿಂಡಿದ ನಿಂಬೆನೀರು, ಅದರ ಬೆನ್ನಿಗೇ ಹಲ್ಲುಜ್ಜುವುದು. ಹುಳಿಯ ಅಳತೆಯಾದ ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ಮೆತ್ತಗಾಗಲು ಶುರುವಾಗುತ್ತದೆ. ನಿಂಬೆರಸದ್ದು 2ರಿಂದ 3ರ ನಡುವೆ. ಮೆತ್ತಗಾದ ಎನಾಮಲ್ ಮೇಲೆ ಆಗಲೇ ಬ್ರಶ್ ಆಡಿಸಿದರೆ ಅದು ಸವೆಯುತ್ತದೆ. ತಣ್ಣಗಿನದು ತಾಗಿದರೆ ಸಾಕು, ಇವರ ಹಲ್ಲು ಜುಮ್ ಅನ್ನುತ್ತಿತ್ತು. ಆ ಜುಮ್‌ಗೆ ಇನ್ನೊಂದು ಪುಟ, ಲವಂಗದ್ದು!

ನೀರಿನ ಕಥೆ ಕೇಳಿ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ, ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂತ ಬರೆಯಿತು. ಅದರಲ್ಲಿ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇರುತ್ತದೆ ಅಂತಲೂ ಅಲ್ಲೇ ಬರೆದಿತ್ತು. ಜನರ ಬಾಯಲ್ಲಿ ಉಳಿದದ್ದು ಲೀಟರ್ ಲೆಕ್ಕ ಮಾತ್ರ. "ಊಟದ ಕಡೆ ಸ್ವಲ್ಪ ಗಮನ ಕೊಡಿ" ಅನ್ನುವ ಮಾತಿನಲ್ಲಿ ಇವರ ಕಿವಿಯಿಂದ ಬಿದ್ದುಹೋದದ್ದೂ ಆ "ಸ್ವಲ್ಪ".

ಒಳ್ಳೆಯ ಆಹಾರವನ್ನೇ ತಿನ್ನಬೇಕು ಅನ್ನುವ ಹಟ ಕಾಯಿಲೆಯ ಮಟ್ಟಕ್ಕೆ ಹೋಗುವುದಕ್ಕೆ ಆರ್ಥೊರೆಕ್ಸಿಯಾ ಅಂತ ಹೆಸರಿದೆ. 1997ರಲ್ಲಿ ಸ್ಟೀವನ್ ಬ್ರಾಟ್‌ಮನ್ ಅನ್ನುವ ಅಮೆರಿಕದ ವೈದ್ಯರು ಇಟ್ಟದ್ದು. ಮನೋರೋಗಗಳ ಕೈಪಿಡಿ ಡಿಎಸ್ಎಂ-5ರಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಕೊಟ್ಟಿಲ್ಲ. ಆ ಪದವನ್ನು ನಾನು ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಪುಟ ತೆರೆಯುತ್ತಿದ್ದರು.

ಕೊಟ್ಟ ಸಲಹೆ ಹೀಗಿತ್ತು. ಮೊದಲು ದಂತವೈದ್ಯರು, ಪಥ್ಯ ತಜ್ಞರು, ಮತ್ತು ಇಳಿದ ತೂಕದ ಸಲುವಾಗಿ ಅದೇ ವೈದ್ಯರು. ಹನ್ನೊಂದು ಕಿಲೋ ಇಳಿದವರನ್ನು ಮಾತಿನಲ್ಲೇ ಸರಿಮಾಡುತ್ತೇನೆ ಅಂತ ಕೂರುವುದು ತಪ್ಪು. ಮನೋವೈದ್ಯರ ಹೆಸರೂ ಕೊಟ್ಟೆ, ಅವರು ಹೋಗಲಿಲ್ಲ. ನೋಟ್‌ಬುಕ್ ಹರಿಯುವುದು ಬೇಡ ಅಂದೆ. ಪ್ರತಿ ಸಾಲಿನ ಮುಂದೆ "ಇದನ್ನು ಒಂದು ದಿನ ಬಿಟ್ಟರೆ ನನಗೆ ಏನಾಗುತ್ತೆ ಅನ್ಸುತ್ತೆ?" ಅಂತ ಕೇಳಿಕೊಂಡು ಉತ್ತರ ಬರೆಯಲು ಹೇಳಿದೆ. ಊಟಕ್ಕೆ ಮುಂಚೆ ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆಯುವುದರ ಮುಂದೆ ಬರೆದದ್ದು: "ಹೊಟ್ಟೆ ಕೆಡಬಹುದು." ನೆಟ್ಟಗಿನ ಉತ್ತರ. ರಾತ್ರಿ ಹಲ್ಲುಜ್ಜುವುದು, ಏಳು ಗಂಟೆ ನಿದ್ದೆ, ನಡಿಗೆ, ಇವುಗಳ ಮುಂದೆಯೂ ಅಂಥದೇ ಉತ್ತರ. ಇವು ಉಳಿದವು. ಜೇನಿನ ಮುಂದೆ: "ಆ ದಿನ ಪೂರ್ತಿ ಹಾಳು." ಬೆಳ್ಳುಳ್ಳಿಯ ಮುಂದೆ: "ಹಾರ್ಟ್ ಅಟ್ಯಾಕ್." ಒಂದು ಎಸಳು ಬೆಳ್ಳುಳ್ಳಿ ತಪ್ಪಿದ್ದಕ್ಕೆ! ಬರೆದು ಮುಗಿಸಿ ಅವರೇ ಅದನ್ನು ತುಂಬಾ ಹೊತ್ತು ನೋಡುತ್ತಾ ಕೂತರು.

ಇನ್ನೊಂದು ಕೆಲಸ ಕೊಟ್ಟೆ. ವಾರಕ್ಕೆ ಒಂದು ಹೊತ್ತು ಅಕ್ಕ ಬಡಿಸಿದ್ದನ್ನು, ಒಳಗೇನಿದೆ ಅಂತ ಕೇಳದೆ, ಎಲ್ಲರ ಜೊತೆ ಕೂತು ತಿನ್ನುವುದು. ಮೊದಲ ವಾರ ಆಗಲಿಲ್ಲ. ಎರಡನೇ ವಾರ ಎದ್ದು ಹೋದರು. ನಾಲ್ಕನೇ ವಾರ ತಿಂದರು, ತಿಂದ ಮೇಲೆ ಒಂದೂವರೆ ಗಂಟೆ ನಡೆದರು. ನನಗೆ ಅದೂ ಪರವಾಗಿಲ್ಲ ಅನ್ನಿಸಿತು, ಅಕ್ಕನಿಗೆ ಅನ್ನಿಸಲಿಲ್ಲ.

ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಅಕ್ಕನ ಫೋನ್ ಬಂತು. ಪಿಸುಮಾತು. ಅಡುಗೆಮನೆಯಲ್ಲಿ ಡಬ್ಬಿ ತೆಗೆಯುವ ಸದ್ದಾಗುತ್ತಿದೆ, ಲೈಟ್ ಹಾಕಿಲ್ಲ, ಅವನೇ ಇರಬೇಕು, ಏನೋ ತಿಂತಿದ್ದಾನೆ.

"ಎದ್ದು ಹೋಗಿ ಏನು ಬೇಕು ಅಂತ ಕೇಳಲಾ ಮೇಡಂ?"

"ಬೇಡ," ಅಂದೆ. "ನೀವು ಮಲಗಿ."