ಕೊನೆಗೌಡರನ್ನು ಹುಡುಕಿಕೊಡುವ ಆ್ಯಪ್‌ಗೆ ಪ್ರಾಬ್ಲಂ ಸ್ಟೇಟ್‌ಮೆಂಟ್, ವ್ಯಾಲ್ಯೂ ಪ್ರೊಪೊಸಿಷನ್ ಬರೆಯೋದು ಹೇಗೆ?

ಸಾಗರದ ಕಡೆಯ ಅಡಿಕೆ ತೋಟದವರಿಗೆ ಕೊನೆಗೌಡರನ್ನು, ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ (ಅಡಿಕೆ ಗೊನೆ) ಇಳಿಸುವ ಕೆಲಸದವರನ್ನು ಹುಡುಕಿಕೊಡುವ ಆ್ಯಪ್ ಮಾಡುತ್ತಿದ್ದೀರಿ. "ಅಡಿಕೆ ಬೆಳೆಗಾರರಿಗೆ ಕೊನೆಗೌಡರನ್ನು ಹುಡುಕಲು ಸರಿಯಾದ ಡಿಜಿಟಲ್ ವೇದಿಕೆ ಇಲ್ಲ" ಅಂತ ಪ್ರಾಬ್ಲಂ ಸ್ಟೇಟ್‌ಮೆಂಟ್ (ಯಾರ ಯಾವ ತೊಂದರೆ ಬಗೆಹರಿಸಬೇಕು ಅನ್ನುವ ವಾಕ್ಯ) ಬರೆದಿದ್ದೀರಿ. ವ್ಯಾಲ್ಯೂ ಪ್ರೊಪೊಸಿಷನ್‌ಗೆ (ನಿಮ್ಮ ವಸ್ತುವಿನಿಂದ ಅವರಿಗೆ ಏನು ಉಪಯೋಗ ಅನ್ನುವ ಮಾತಿಗೆ) ಯಾವ ಟೆಂಪ್ಲೇಟ್ ಒಳ್ಳೆಯದು ಅಂತ ಕೇಳಿದ್ದೀರಿ. ಟೆಂಪ್ಲೇಟ್ ವಿಷಯ ಆಮೇಲೆ ನೋಡೋಣ. ಆ ವಾಕ್ಯದಲ್ಲಿ ಕೊನೆಗೌಡರ ಜಾಗಕ್ಕೆ ಧಾರಣೆ (ಮಾರುಕಟ್ಟೆ ದರ) ಅಂತ ಹಾಕಿದರೆ ಅದು ಹಿಂದೆ ನಾವು ಅಡಿಕೆ ಧಾರಣೆಯ ಆ್ಯಪ್ ಮಾಡಿದಾಗ ಬರೆದ ವಾಕ್ಯವೇ. ಅದೊಂದು ವಾಕ್ಯದಿಂದ ನಮ್ಮ ಉಳಿತಾಯ ಹೋಯಿತು, ಒಂದು ಕೊಯ್ಲು ಪೂರ್ತಿ ಹೋಯಿತು.

ನಾವು ಮೂವರಿದ್ದೆವು. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮನೆಯ ಮಹಡಿ ನಮ್ಮ ಆಫೀಸು. ಒಬ್ಬ ಕೋಡ್ ಬರೆಯುವವನು, ಒಬ್ಬ ಜನರ ಹತ್ತಿರ ಮಾತಾಡುವವನು, ನಾನು ಡಿಸೈನ್. ಮೂವರ ಮನೆಯಲ್ಲೂ ತೋಟ ಇತ್ತು. ಅದೇ ಎಡವಟ್ಟಾಗಿದ್ದು. ನಮ್ಮೂರಿನ ವಿಷಯ ನಮಗೆ ಗೊತ್ತಿಲ್ವಾ ಅನ್ನುವ ಧೈರ್ಯ. ರಜೆಗೆ ಮಾತ್ರ ಊರಿಗೆ ಹೋಗಿ, ಸುಲಿಯುವ ಹೊತ್ತಿಗೆ ಕಾಫಿ ಕುಡಿದು ವಾಪಸ್ ಬರುವವರಿಗೆ ಎಷ್ಟು ಗೊತ್ತಿರುತ್ತದೋ ಅಷ್ಟು ಗೊತ್ತಿತ್ತು, ಅಷ್ಟೇ.

ಗೋಡೆಯ ಮೇಲೆ ನಾನೇ ಅಂಟಿಸಿದ ವಾಕ್ಯ ಹೀಗಿತ್ತು: "ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಎಲ್ಲ ಮಾರುಕಟ್ಟೆಯ ಧಾರಣೆಯನ್ನು ಒಂದೇ ಕಡೆ ನೋಡಲು ಆ್ಯಪ್ ಇಲ್ಲ, ಹಾಗಾಗಿ ಕಡಿಮೆ ಬೆಲೆಗೆ ಮಾರಿ ಮೋಸ ಹೋಗುತ್ತಾರೆ." ವ್ಯಾಲ್ಯೂ ಪ್ರೊಪೊಸಿಷನ್ ಇನ್ನೂ ಚೆನ್ನಾಗಿತ್ತು: "ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಶಿರಸಿ, ಎಲ್ಲ ಧಾರಣೆ ನಿಮ್ಮ ಅಂಗೈಯಲ್ಲಿ." ಕೇಳಿದವರೆಲ್ಲ ತಲೆ ಆಡಿಸಿದರು. ತಲೆ ಆಡಿಸಿದವರಲ್ಲಿ ಅಡಿಕೆ ಮಾರುವವರು ಒಬ್ಬರೂ ಇರಲಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ.

ರಿಸರ್ಚ್ ಮಾಡಿಲ್ಲ ಅಂದುಕೊಳ್ಳಬೇಡಿ. ಮನೆಮನೆಗೆ ಹೋಗಿದ್ದೇವೆ. ಕೇಳಿದ್ದು ಮಾತ್ರ ಇದು: "ಧಾರಣೆ ಸರಿಯಾಗಿ ಗೊತ್ತಾಗದೆ ತೊಂದರೆ ಆಗುತ್ತಲ್ವಾ? ಇಂಥದ್ದೊಂದು ಆ್ಯಪ್ ಇದ್ದರೆ ಬಳಸ್ತೀರಾ?" ನಮ್ಮ ಕಡೆ ಮನೆಗಳು ಹೇಗೆ ಅಂತ ನಿಮಗೂ ಗೊತ್ತು. ಯಾರದೋ ಮಗ ಬಂದು ಜಗಲಿಯಲ್ಲಿ ಕೂತಿದ್ದಾನೆ, ಕಾಫಿ ಬಂದಿದೆ, ಹಲಸಿನ ಹಪ್ಪಳ ಬಂದಿದೆ, ಹುಡುಗ ಉತ್ಸಾಹದಲ್ಲಿ ಏನೋ ಕೇಳುತ್ತಿದ್ದಾನೆ. "ಬೇಡ" ಅಂತ ಯಾರು ಹೇಳುತ್ತಾರೆ? "ಹೌದಪ್ಪ, ಒಳ್ಳೇ ಕೆಲಸ, ಮಾಡಿ" ಅಂದರು. ನಾನು ಎಕ್ಸೆಲ್ ಶೀಟಿನಲ್ಲಿ ಹೌದು, ಹೌದು, ಹೌದು ಅಂತ ತುಂಬಿದೆ.

ಕೊಯ್ಲಿನ ಹೊತ್ತಿಗೆ ಆ್ಯಪ್ ಬಿಟ್ಟೆವು. ಇಳಿಸಿಕೊಂಡವರೇನೋ ಇದ್ದರು. ಆಮೇಲೆ ನೋಡಿದರೆ ಅದರಲ್ಲಿ ಜಾಸ್ತಿ ಜನ ಬೆಂಗಳೂರಿನಲ್ಲಿದ್ದ ಮಕ್ಕಳು. ಅಪ್ಪನಿಗೆ ಫೋನ್ ಮಾಡಿದಾಗ ಮಾತಿಗೆ ಇರಲಿ ಅಂತ ಇಟ್ಟುಕೊಂಡವರು. ಕೆಲವು ದಿನ ತೆರೆದರು, ಆಮೇಲೆ ಅದೂ ಇಲ್ಲ. ನಾನು ಡಿಸೈನರ್ ಅಲ್ವಾ, ತಪ್ಪು ಸ್ಕ್ರೀನಿನಲ್ಲೇ ಇರಬೇಕು ಅಂದುಕೊಂಡೆ. ಬಣ್ಣ ಬದಲಾಯಿಸಿದೆ, ಅಕ್ಷರ ದೊಡ್ಡದು ಮಾಡಿದೆ, ಬೆಳಿಗ್ಗೆ ಹೋಗುತ್ತಿದ್ದ ನೋಟಿಫಿಕೇಷನ್ ಮಧ್ಯಾಹ್ನಕ್ಕೆ ಹಾಕಿದೆ. ಏನೂ ಆಗಲಿಲ್ಲ.

ಕೊನೆಗೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಪರಿಚಯದ ಒಬ್ಬ ಗೌಡರ ಮನೆಗೆ ಯೂಸಬಿಲಿಟಿ ಟೆಸ್ಟ್ ಅಂತ, ಅಂದರೆ ಆ್ಯಪ್ ಬಳಸಲು ಅವರಿಗೆ ಸುಲಭವಾ ಅಂತ ನೋಡಲು ಹೋದೆ. ಅವರ ಫೋನು ಕಿಟಕಿಯ ಸರಳಿಗೆ ಒರಗಿಕೊಂಡಿತ್ತು. ಮನೆಯಲ್ಲಿ ಸಿಗ್ನಲ್ ಬರುವುದು ಅಲ್ಲಿ ಮಾತ್ರ. "ಇವತ್ತಿನ ರಾಶಿ ಧಾರಣೆ ಇದರಲ್ಲಿ ಹುಡುಕಿ ನೋಡುವ" ಅಂತ ನನ್ನ ಫೋನು ಚಾಚಿದೆ. ರಾಶಿ ಅಂದರೆ ಬೇಯಿಸಿ ಒಣಗಿಸಿದ ಕೆಂಪು ಅಡಿಕೆಯ ಒಂದು ಬಗೆ. ಅವರು ಮುಟ್ಟಲೇ ಇಲ್ಲ. ಶಿವಮೊಗ್ಗದ್ದು ಇಷ್ಟು, ತೀರ್ಥಹಳ್ಳಿದು ಇಷ್ಟು ಅಂತ ಬಾಯಲ್ಲೇ ಹೇಳಿದರು. ಆ್ಯಪ್‌ನಲ್ಲಿ ಇದ್ದದ್ದೂ ಅದೇ. "ಧಾರಣೆ ಗೊತ್ತಿಲ್ದೇ ಇರೋರು ಯಾರಿದಾರೆ ಮಾರಾಯ? ವಾಟ್ಸಾಪಲ್ಲಿ ಬರ್ತದೆ, ಪೇಪರಲ್ಲಿ ಬರ್ತದೆ, ಮಂಡಿಗೆ ಫೋನ್ ಮಾಡಿದ್ರೆ ಹೇಳ್ತಾರೆ." ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲೂ ಪುಕ್ಕಟೆ ಸಿಗುತ್ತದೆ. ನಾವೂ ಅಂಕಿ ತೆಗೆಯುತ್ತಿದ್ದದ್ದು ಅಲ್ಲಿಂದಲೇ, ಅದು ಬೇರೆ ಮಾತು.

ಆಮೇಲೆ ಸ್ಕ್ರೀನಿನ ಮೇಲೆ ಬೆರಳಿಟ್ಟರು. ನಾನು ಗರಿಷ್ಠ ಧಾರಣೆಯನ್ನು ದಪ್ಪ ಅಕ್ಷರದಲ್ಲಿ ಮೇಲೆ ಹಾಕಿದ್ದೆ. ಕಣ್ಣಿಗೆ ಹೊಡೆಯಲಿ ಅಂತ. "ಇದು ಯಾರಿಗೆ ಸಿಕ್ತು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇಲ್ಲ. ಎಪಿಎಂಸಿಯವರು ಕನಿಷ್ಠ, ಗರಿಷ್ಠ ಎರಡೂ ಕೊಡುತ್ತಾರೆ. ಒಂದೇ ದಿನ, ಒಂದೇ ಮಾರುಕಟ್ಟೆ, ಒಂದೇ ರಾಶಿ ಅಡಿಕೆಗೆ ಆ ಎರಡರ ನಡುವೆ ಕ್ವಿಂಟಾಲಿಗೆ ಸಾವಿರಗಟ್ಟಲೆ ವ್ಯತ್ಯಾಸ ಇರುತ್ತದೆ. ಯಾಕೆಂದರೆ ಟೆಂಡರ್ ಆಗುವುದು ಲಾಟಿಗೆ, ಅಂದರೆ ಮಾರಲು ಬಂದ ಒಂದೊಂದು ಗುಂಪು ಚೀಲಕ್ಕೆ ಬೇರೆಬೇರೆಯಾಗಿ. ಖರೀದಿಯವರು ಚೀಲದಿಂದ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಣಗಿದೆಯಾ ಅಂತ ನೋಡಿ, ಆ ಲಾಟಿಗೆ ತಮ್ಮ ರೇಟು ಹಾಕುತ್ತಾರೆ.

ಗೌಡರು ಒಳಗೆ ಹೋಗಿ, ತಂತಿಗೆ ಚುಚ್ಚಿಟ್ಟಿದ್ದ ಮಂಡಿಯ (ಅಡಿಕೆ ಮಾರಿಸಿಕೊಡುವ ಅಂಗಡಿಯ) ಚೀಟಿಗಳಲ್ಲಿ ಎರಡನ್ನು ತೆಗೆದು ತಂದರು. ಎರಡೂ ಅದೇ ತೋಟದ್ದು, ಒಂದೇ ಹಂಡೆಯಲ್ಲಿ ಬೇಯಿಸಿದ್ದು. ಒಂದಕ್ಕೆ ಒಳ್ಳೆ ರೇಟು, ಇನ್ನೊಂದಕ್ಕೆ ಮುಖ ಸಣ್ಣ ಮಾಡುವಂಥ ರೇಟು. ಎರಡನೆಯದು ಅಂಗಳದಲ್ಲಿ ಹರವಿದ್ದಾಗ ಹೊತ್ತಲ್ಲದ ಹೊತ್ತಲ್ಲಿ ಮಳೆ ಬಂದು ಮಂಕಾಗಿದ್ದಂತೆ. ಮೂಲೆಯಲ್ಲಿದ್ದ ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಅಡಿಕೆ ನೆಲದ ಮೇಲೆ ಚೆಲ್ಲಿದರು. ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕೂತ ಕೆಂಪು ಕೆಲವಕ್ಕಿತ್ತು, ಕೆಲವು ಕಪ್ಪಿಟ್ಟಿದ್ದವು. "ಈ ಮೂಟೆಗೆ ಎಷ್ಟು ಬೀಳ್ತದೆ ಅಂತ ನಿಮ್ಮ ಆ್ಯಪ್ ಹೇಳ್ತದನಾ?"

ಹೇಳುತ್ತಿರಲಿಲ್ಲ.

ಹೇಳಿದ್ದರೂ ಅವರು ಬೇರೆ ಕಡೆ ಮಾರುವ ಹಾಗಿರಲಿಲ್ಲ. ಮಗಳ ಕಾಲೇಜು ಫೀಸಿಗೆ ಅಂತ ಅಡಿಕೆ ಮೇಲೆ ಮಂಡಿಯಿಂದ ಮುಂಗಡ ತಂದಾಗಿತ್ತು. ಮಾಲು ಅಲ್ಲಿಗೇ ಹೋಗಬೇಕು. ನಾವು ಹೆಮ್ಮೆಯಿಂದ ಹಾಕಿದ್ದ ಶಿರಸಿ ಧಾರಣೆ ನೋಡಿ ನಕ್ಕರು. "ಇದು ನಂಗೆ ಕ್ರಿಕೆಟ್ ಸ್ಕೋರ್ ಇದ್ದಂಗೆ. ನೋಡ್ತೀನಿ, ಆಡೋದು ನಾನಲ್ಲ."

ಈಗ ತಪ್ಪು ಎಲ್ಲಿ ಅಂತ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ನಾವು ಯೂಸರ್ ಜೊತೆ ಮಾತಾಡಲಿಲ್ಲ" ಅನ್ನುವುದು ತಪ್ಪಲ್ಲ, ಮಾತಾಡಿದ್ದೆವು. ಅಡಿಕೆ ಗೊತ್ತಿರಲಿಲ್ಲ ಅನ್ನುವುದೂ ಅಲ್ಲ, ಅದನ್ನು ಕಲಿಯಬಹುದು. ತಪ್ಪು ಇದ್ದದ್ದು ಗೋಡೆಯ ಮೇಲಿನ ವಾಕ್ಯದ ಮೊದಲ ಅರ್ಧದ ಕೊನೆಯಲ್ಲಿ. "ಆ್ಯಪ್ ಇಲ್ಲ" ಅನ್ನುವುದು ಬೆಳೆಗಾರರ ಸಮಸ್ಯೆ ಅಲ್ಲ. ನಾವು ಮಾಡಬೇಕು ಅಂತ ಮೊದಲೇ ತೀರ್ಮಾನಿಸಿದ ವಸ್ತು ಇನ್ನೂ ತಯಾರಾಗಿಲ್ಲ ಅನ್ನುವ ಸುದ್ದಿ, ಅಷ್ಟೇ. ಅಂಥ ವಾಕ್ಯ ಬರೆದ ಮೇಲೆ ಉತ್ತರ ಒಂದೇ: ಆ್ಯಪ್ ಮಾಡು. ಬೇರೆ ಯಾವ ಉತ್ತರಕ್ಕೂ ಅದರಲ್ಲಿ ಜಾಗ ಇಲ್ಲ.

ಮಿಕ್ಕಿದ್ದೆಲ್ಲ ಅದರ ಹಿಂದೆಯೇ ಬಂತು. ಇಂಟರ್ವ್ಯೂ ಪ್ರಶ್ನೆಗಳು ಆ ವಾಕ್ಯದಿಂದ ಹುಟ್ಟಿದವು, ಅದಕ್ಕೇ ಎಲ್ಲದಕ್ಕೂ ಹೌದು ಅನ್ನುವ ಉತ್ತರ ಬಂತು. ನಮ್ಮ ಪೈಪೋಟಿ ಯಾರ ಜೊತೆ ಅನ್ನುವುದೂ ಅದರಿಂದಲೇ ತಪ್ಪಾಯಿತು. ಬೇರೆ ಆ್ಯಪ್‌ಗಳ ಪಟ್ಟಿ ಮಾಡಿ ನಾವೇ ಮೇಲು ಅಂದುಕೊಂಡೆವು. ನಿಜವಾದ ಪೈಪೋಟಿ ಇದ್ದದ್ದು ಊರಿನ ವಾಟ್ಸಾಪ್ ಗ್ರೂಪ್ ಜೊತೆ, ಮಂಡಿಯ ಗುಮಾಸ್ತರ ಒಂದು ಫೋನ್ ಕರೆ ಜೊತೆ. ಗೆದ್ದೆವಾ ಸೋತೆವಾ ಅಂತ ಅಳೆದದ್ದು ಡೌನ್‌ಲೋಡ್ ಲೆಕ್ಕದಲ್ಲಿ. ಕೊರತೆ ಆ್ಯಪ್‌ದು ಅಂತ ಬರೆದುಕೊಂಡಿದ್ದೆವಲ್ಲ, ಅದು ಫೋನಿಗೆ ಇಳಿದರೆ ಸಮಸ್ಯೆ ಮುಗಿಯಿತು ಅಂತ ಲೆಕ್ಕ! ಇನ್ನು "ಮೋಸ ಹೋಗುತ್ತಾರೆ" ಅನ್ನುವ ಎರಡನೇ ಅರ್ಧ ಯಾರನ್ನೂ ಕೇಳದೆ ಬರೆದದ್ದು. ಓದಲು ಭಾರವಾಗಿ, ಚೆನ್ನಾಗಿ ಕಂಡಿತು. ಅದಕ್ಕೇ ಉಳಿಯಿತು.

ಗೌಡರ ಮನೆಯಿಂದ ಬಂದ ಮೇಲೆ ಬರೆದ ವಾಕ್ಯ ಹೀಗಿದೆ: ಒಣಗಿಸಿದ ಅಡಿಕೆ ಮನೆಯಲ್ಲಿಟ್ಟುಕೊಂಡ ಬೆಳೆಗಾರರಿಗೆ, ಈ ಮೂಟೆಗೆ ಎಷ್ಟು ಬೀಳಬಹುದು ಅಂತ ಮಂಡಿಗೆ ಹೋಗುವ ಮೊದಲು ಅಂದಾಜು ಸಿಗುವುದಿಲ್ಲ, ಯಾಕೆಂದರೆ ಬೆಲೆ ಕಟ್ಟುವುದು ಲಾಟ್ ನೋಡಿ, ಹಾಗಾಗಿ ಸ್ವಲ್ಪ ಮಾಲು ಕಳಿಸಿ ನೋಡುತ್ತಾರೆ, ಇಲ್ಲವೇ ದುಡ್ಡು ಬೇಕಾದಾಗ ಬಂದಷ್ಟಕ್ಕೆ ಕೊಡುತ್ತಾರೆ. ಇದರಲ್ಲಿ ಯಾರು ಅಂತ ಇದೆ, ಯಾವಾಗ ಅಂತ ಇದೆ, ಯಾಕೆ ಅಂತ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಈಗ ಅವರು ಏನು ಮಾಡುತ್ತಿದ್ದಾರೆ ಅಂತ ಇದೆ. ಆ್ಯಪ್ ಅನ್ನುವ ಪದ ಎಲ್ಲೂ ಇಲ್ಲ. ಫೋಟೊ ತೆಗೆದು ಅಂದಾಜು ಹೇಳಬಹುದಾ ಅಂತ ಯೋಚಿಸಿದೆವು. ಅಡಿಕೆಯ ಒಳಗಿನ ತೇವ ಫೋಟೊದಲ್ಲಿ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ದುಡ್ಡೂ ಮುಗಿದಿತ್ತು. ಕೋಡ್ ಬರೆಯುವವನು ಬೆಂಗಳೂರಿನ ಕೆಲಸಕ್ಕೆ ವಾಪಸ್ ಹೋದ.

ಟೆಂಪ್ಲೇಟ್ ಕೇಳಿದ್ದಿರಿ. ಬಿಸಿನೆಸ್ ಲೇಖಕ ಅಲೆಕ್ಸ್ ಆಸ್ಟರ್‌ವಾಲ್ಡರ್ ಅವರ ವ್ಯಾಲ್ಯೂ ಪ್ರೊಪೊಸಿಷನ್ ಕ್ಯಾನ್ವಾಸ್‌ನಲ್ಲಿ ಬಲಗಡೆ ಒಂದು ವೃತ್ತ ಇದೆ: ಗ್ರಾಹಕರು ಮಾಡಬೇಕಾದ ಕೆಲಸ, ಅದರಲ್ಲಿನ ನೋವು, ಸಿಕ್ಕರೆ ಖುಷಿಯಾಗುವ ಸಂಗತಿ. ಎಡಗಡೆ ಚೌಕದಲ್ಲಿ ನಿಮ್ಮ ವಸ್ತು ಅದಕ್ಕೇನು ಮಾಡುತ್ತದೆ ಅಂತ. ಬಲಗಡೆ ಮೊದಲು ತುಂಬಬೇಕು. ನಾವು ಎಡಗಡೆ ತುಂಬಿ, ಅದಕ್ಕೆ ಹೊಂದುವ ನೋವನ್ನು ಬಲಗಡೆ ಜೋಡಿಸಿದ್ದೆವು. ಮಾರ್ಕೆಟಿಂಗ್ ಬಗ್ಗೆ ಬರೆಯುವ ಜೆಫ್ರಿ ಮೂರ್ 1991ರಲ್ಲಿ ಕೊಟ್ಟ ವಾಕ್ಯದ ಅಚ್ಚು ಇನ್ನೊಂದು: ಇಂಥವರಿಗೆ, ಇಂಥ ಅಗತ್ಯ ಇರುವವರಿಗೆ, ಇದು ಇಂಥ ಉಪಯೋಗ ಕೊಡುತ್ತದೆ, ಇಂಥದ್ದರ ಹಾಗಲ್ಲದೆ. ಆ ಕೊನೆಯ ಖಾಲಿ ಜಾಗಕ್ಕಾಗಿ ನನಗೆ ಇದೇ ಇಷ್ಟ. ಅಲ್ಲಿ ಇನ್ನೊಂದು ಆ್ಯಪ್‌ನ ಹೆಸರು ಬರೆದರೆ ನೀವು ಮನೆ ಬಿಟ್ಟು ಹೊರಗೆ ಹೋಗಿಲ್ಲ ಅಂತ ಅರ್ಥ. ಎರಡರಲ್ಲಿ ಯಾವುದನ್ನಾದರೂ ತೆಗೆದುಕೊಳ್ಳಿ. ಈಗಿರುವ ವಾಕ್ಯ ಇಟ್ಟುಕೊಂಡು ಯಾವುದನ್ನು ತುಂಬಿದರೂ ಸುಮ್ನೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಕೊನೆಗೌಡರನ್ನು ಹುಡುಕುವುದು ಬೆಳೆಗಾರರಿಗೆ ಕಷ್ಟ ಅಂತ ನನಗೆ ಅನಿಸುವುದಿಲ್ಲ. ನಂಬರ್ ಎಲ್ಲರ ಫೋನಿನಲ್ಲೂ ಇದೆ. ಮರ ಹತ್ತಿ, ಮರದಿಂದ ಮರಕ್ಕೆ ಹಾಯುವ ಜನ ಇರುವುದೇ ಕಡಿಮೆ, ಮತ್ತೆ ಎಲ್ಲರಿಗೂ ಅವರು ಬೇಕಾಗುವುದು ಒಂದೇ ಹೊತ್ತಿಗೆ. ಮಳೆಗಾಲ ಹಿಡಿಯುವ ಮೊದಲು ಬೋರ್ಡೋ (ಕೊಳೆ ರೋಗ ತಡೆಯುವ ಔಷಧಿ) ಹೊಡೆಯಬೇಕು. ಮತ್ತೆ 40-45 ದಿನಕ್ಕೆ ಎರಡನೇ ಸಲ. ಆ ಎರಡನೇ ಸಲದ ಹೊತ್ತಿಗೆ ಮಳೆ ಬಿಡುವು ಕೊಡುವುದು ಯಾವಾಗಲೋ ಒಂದರ್ಧ ದಿನ. ಅವತ್ತು ಸುತ್ತಲಿನ ತೋಟದವರೆಲ್ಲ ಒಬ್ಬರಿಗೇ ಫೋನ್ ಮಾಡುತ್ತಾರೆ. ತಡವಾದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ನಿಮ್ಮ ಆ್ಯಪ್ ಇನ್ನೊಬ್ಬ ಕೊನೆಗೌಡರನ್ನು ಹುಟ್ಟಿಸುತ್ತದಾ? ಇಲ್ಲ ಅಲ್ವಾ?

ಕೊಯ್ಲಿನಲ್ಲಿ ಕಥೆ ಬೇರೆ. ಅಲ್ಲಿ ತಲೆನೋವು ಅವರು ನಾಳೆ ಬರುತ್ತಾರಾ ನಾಡಿದ್ದಾ ಅನ್ನುವುದು. ಕೊನೆ ಇಳಿದರೆ ಸುಲಿಯುವವರು ಬೇಕು, ಅಥವಾ ಸುಲಿಯುವ ಮಷಿನ್ನಿಗೆ ಹೇಳಿರಬೇಕು, ಬೇಯಿಸಲು ಕಟ್ಟಿಗೆ ಬೇಕು, ಒಣಗಿಸಲು ಬಿಸಿಲು ಬೇಕು. ಅವರು ಒಂದು ದಿನ ಹಿಂದೆಮುಂದೆ ಮಾಡಿದರೆ ಇಷ್ಟೂ ಅಲ್ಲಾಡುತ್ತದೆ. ಇದು ಸಮಸ್ಯೆ ಅಂತ ನನ್ನ ಊಹೆ. ಊಹೆಯನ್ನು ಗೋಡೆಗೆ ಅಂಟಿಸಬೇಡಿ, ಹೋಗಿ ನೋಡಿ.

ಇನ್ನೊಂದು ಮಾತು. ನಿಮ್ಮ ಯೂಸರ್ ಬೆಳೆಗಾರರು ಅಂತ ಯಾಕೆ ತೀರ್ಮಾನ ಮಾಡಿದಿರಿ? ಕೊನೆಗೌಡರಿಗೆ ಈಗಲೇ ಮಾಡಿ ಮುಗಿಸಲಾಗದಷ್ಟು ತೋಟ ಇದೆ. ಇನ್ನೂ ಹತ್ತು ಜನರ ಫೋನ್ ಬರುವ ಹಾಗೆ ಮಾಡುವ ಆ್ಯಪ್‌ಗೆ ಅವರು ಯಾಕೆ ಹೆಸರು ಕೊಡಬೇಕು? ಅವರ ಕಡೆಯ ವೃತ್ತ ನೀವು ತುಂಬಿಯೇ ಇಲ್ಲ. ಯಾವ ತೋಟ ಮೊದಲು ಅಂತ ಅವರು ಹೇಗೆ ತೀರ್ಮಾನ ಮಾಡುತ್ತಾರೆ, ಮಳೆ ಬಂದು ಒಂದು ದಿನ ಹೋದರೆ ಯಾರಿಗೆ ಏನು ಹೇಳುತ್ತಾರೆ, ಕೆಳಗೆ ಹಗ್ಗ ಹಿಡಿಯುವವರು ಸಿಗದಿದ್ದರೆ ಏನು ಮಾಡುತ್ತಾರೆ, ಇದೊಂದೂ ನಿಮ್ಮ ಪ್ರಶ್ನೆಯಲ್ಲಿ ಇಲ್ಲ.

"ಆ್ಯಪ್ ಇದ್ದರೆ ಬಳಸ್ತೀರಾ" ಅಂತ ಕೇಳಲೇಬೇಡಿ. ಆಗಿಹೋದದ್ದನ್ನು ಕೇಳಿ. ಹೋದ ವರ್ಷ ಎರಡನೇ ಔಷಧಿ ಹೊಡೆಸಿದ್ದು ಯಾವಾಗ? ಮೊದಲು ಯಾರಿಗೆ ಫೋನ್ ಮಾಡಿದಿರಿ? ಅವರು ಏನು ಹೇಳಿದರು? ಬರಲಿಲ್ಲ ಅಂದಮೇಲೆ ಏನು ಮಾಡಿದಿರಿ, ಎಷ್ಟು ಕಾಯಿ ಉದುರಿತು? ಇಂಥ ಪ್ರಶ್ನೆಗೆ ಮರ್ಯಾದೆಗಾಗಿ ಹೌದು ಅನ್ನಲು ಬರುವುದಿಲ್ಲ. ಫಿಗ್ಮಾ (ಸ್ಕ್ರೀನ್ ಡಿಸೈನ್ ಮಾಡುವ ಸಾಫ್ಟ್‌ವೇರ್) ತೆರೆದ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಲಿ. ಸ್ಕ್ರೀನ್ ಕಂಡ ತಕ್ಷಣ ಮಾತು ಸ್ಕ್ರೀನಿನ ಮೇಲೆ ಹೋಗುತ್ತದೆ.

ಮನೆಗೆ ಹೋದಾಗ ಯಜಮಾನರ ಜೊತೆ ಮಾತ್ರ ಮಾತಾಡಿ ಎದ್ದು ಬರಬೇಡಿ. ಸುಲಿಯುವವರಿಗೆ ಹೇಳಿಕಳಿಸುವುದು, ಅವರ ಊಟ ತಿಂಡಿ, ಯಾರು ಎಷ್ಟು ಸುಲಿದರು ಅನ್ನುವ ಲೆಕ್ಕ, ಇದೆಲ್ಲ ಎಷ್ಟೋ ಮನೆಗಳಲ್ಲಿ ಅಮ್ಮಂದಿರ ಕೈಯಲ್ಲಿದೆ. ಕೊನೆಗೌಡರನ್ನು ನೋಡಲು ಸಂಜೆ ಹೋಗಿ, ಬೆಳಿಗ್ಗೆ ಮರದ ಮೇಲಿರುತ್ತಾರೆ. ಎರಡೂ ಕಡೆ ಮಾತಾಡಿ ಬಂದು ವಾಕ್ಯ ತಿದ್ದಿ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.