ನೊಬೆಲ್ ಬಂದಿದ್ದು ಮೀನಿಗಲ್ಲ

ನಮಸ್ಕಾರ.

ಜರ್ಮನಿಯ ಜೀವವಿಜ್ಞಾನಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ಜೀಬ್ರಾಮೀನು (ಲ್ಯಾಬ್ ತೊಟ್ಟಿಗಳಲ್ಲಿ ಸಾಕುವ ಪಟ್ಟೆಪಟ್ಟೆಯ ಪುಟ್ಟ ಮೀನು), ಜೀವಕೋಶ ಅಂತ ಕನ್ನಡದಲ್ಲಿ ಬರೆಯಲು ಹೊರಡುವವರು ಕಡಿಮೆ. ಅದಕ್ಕೇ ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ.

ಮೊದಲು ತಪ್ಪುಗಳು. 'ಜೀಬ್ರಾಮೀನಿನ ಸಂಶೋಧನೆಗೆ 1995ರಲ್ಲಿ ನೊಬೆಲ್' ಎಂದಿದ್ದೀರಿ. ಅಲ್ಲ, ಅದು ಬಂದಿದ್ದು ಹಣ್ಣಿನ ನೊಣದ ಕೆಲಸಕ್ಕೆ. ಹೈಡೆಲ್‌ಬರ್ಗ್‌ನಲ್ಲಿ ಎರಿಕ್ ವೀಶಾಸ್ ಜೊತೆ ಮಾಡಿ 1980ರಲ್ಲಿ ಪ್ರಕಟಿಸಿದ ಕೆಲಸ ಅದು. ಪ್ರಶಸ್ತಿಯಲ್ಲಿ ಎಡ್ವರ್ಡ್ ಲೂಯಿಸ್ ಅವರಿಗೂ ಪಾಲಿತ್ತು. ಮೀನಿನ ದೊಡ್ಡ ಫಲಿತಾಂಶ ಅಚ್ಚಾಗಿದ್ದು 1996ರ ಡಿಸೆಂಬರ್‌ನಲ್ಲಿ, ಅಂದರೆ ನೊಬೆಲ್ ಬಂದ ಮೇಲೆ. ಇದು ಬರೀ ಇಸವಿಯ ತಪ್ಪಾಗಿದ್ದರೆ ನಾನೇ ತಿದ್ದಿಬಿಡುತ್ತಿದ್ದೆ. ಆದರೆ ಇದರಿಂದ ನಿಮ್ಮ ಕಥೆಯೇ ತಲೆಕೆಳಗಾಗಿದೆ. ನೊಣದಲ್ಲಿ ಹೆಸರು ಮಾಡಿದವರು ನೊಣವನ್ನೇ ನೆಚ್ಚಿಕೊಂಡು ಹಾಯಾಗಿ ಇದ್ದುಬಿಡಬಹುದಿತ್ತು, ಅಲ್ವಾ? ಭ್ರೂಣ ಬೆಳೆಯುವಾಗ ಯಾವ ಜೀನ್ ಏನು ಮಾಡುತ್ತದೆ ಎಂಬ ಅದೇ ಪ್ರಶ್ನೆಯನ್ನು ಬೆನ್ನುಮೂಳೆ ಇರುವ ಪ್ರಾಣಿಯಲ್ಲೂ ಕೇಳಬೇಕು ಅಂತ ಟ್ಯೂಬಿಂಗೆನ್‌ನಲ್ಲಿ ಸಾವಿರಾರು ತೊಟ್ಟಿಗಳ ಮೀನುಮನೆ ಕಟ್ಟಿಸಿಕೊಂಡರು. ಲೇಖನ ಇಲ್ಲಿಂದ ಶುರುವಾಗಲಿ. ಈಗ ಮೊದಲ ಎರಡು ಪ್ಯಾರಾ ತುಂಬಾ ಪ್ರಶಸ್ತಿಗಳ ಪಟ್ಟಿ ಇದೆ, ಪೂರ್ತಿ ತೆಗೆಯಿರಿ.

ಜೀಬ್ರಾಮೀನನ್ನು ಜೀನ್‌ಗಳ ಅಧ್ಯಯನಕ್ಕೆ ಪಳಗಿಸಿದವರೂ ಇವರಲ್ಲ. ಅದು ಅಮೆರಿಕದ ಒರೆಗಾನ್‌ನಲ್ಲಿದ್ದ ಜಾರ್ಜ್ ಸ್ಟ್ರೈಸಿಂಗರ್ ಕೆಲಸ. ಅವರ ಮುಖ್ಯ ಪ್ರಬಂಧ 1981ರದು, 1984ರಲ್ಲಿ ತೀರಿಕೊಂಡರು. ಅವರಿಗೊಂದು ಪ್ಯಾರಾ ಕೊಡಿ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬಂದ ಜಾಗ. 'ರಾಸಾಯನಿಕ ಬಳಸಿ ಮೀನುಗಳಲ್ಲಿ ಬದಲಾವಣೆ ತಂದು 372 ಜೀನ್‌ಗಳನ್ನು ಗುರುತಿಸಿದರು.' ಇಷ್ಟೇನಾ? ಇಡೀ ಲೇಖನದ ಜೀವ ಇಲ್ಲಿದೆ, ನೀವು ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀರಿ. ಇಎನ್‌ಯು ಎಂಬ ಆ ರಾಸಾಯನಿಕ ಬೆರೆಸಿದ ನೀರಲ್ಲಿ ಗಂಡು ಮೀನುಗಳನ್ನು ಬಿಟ್ಟಾಗ ಅವುಗಳ ವೀರ್ಯದ ಡಿಎನ್‌ಎಯಲ್ಲಿ ಅಲ್ಲಲ್ಲಿ ತಪ್ಪುಗಳಾಗುತ್ತವೆ. ಆದರೆ ಮರಿಗಳಲ್ಲಿ ಸಾಮಾನ್ಯವಾಗಿ ಏನೂ ಕಾಣದು, ಏಕೆಂದರೆ ತಾಯಿಯಿಂದ ಬಂದ ಸರಿಯಾದ ಜೀನ್ ತಪ್ಪನ್ನು ಮರೆಮಾಚುತ್ತದೆ. ಆ ಮರಿಗಳು ಬೆಳೆದು, ಅವುಗಳ ಮರಿಗಳೂ ಬೆಳೆದು, ಒಂದೇ ತಪ್ಪನ್ನು ಹೊತ್ತ ಅಣ್ಣ ತಂಗಿ ಜೋಡಿಯಾದರೆ ಮಾತ್ರ ಅವುಗಳ ಮರಿಗಳಲ್ಲಿ ನಾಲ್ಕಕ್ಕೆ ಒಂದರಲ್ಲಿ ದೋಷ ಕಣ್ಣಿಗೆ ಬೀಳುತ್ತದೆ. ಒಂದು ತಲೆಮಾರು ಬೆಳೆಯಲು ಸುಮಾರು ಮೂರು ತಿಂಗಳು. ಯಾವ ಜೋಡಿ ಅಂತ ಮೊದಲೇ ಗೊತ್ತಾಗಲ್ಲ, ಹಾಗಾಗಿ ಪ್ರತಿ ಕುಟುಂಬಕ್ಕೂ ಬೇರೆ ತೊಟ್ಟಿ ಬೇಕು. ಆಮೇಲೆ ಮರಿಗಳನ್ನು ಎರಡನೇ, ಮೂರನೇ, ಆರನೇ ದಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕು. ಹೀಗೆ ಸಿಕ್ಕಿದ, ಜೀನ್ ಕೆಟ್ಟು ದೋಷ ತೋರುವ ಮ್ಯುಟೆಂಟ್‌ಗಳು 4264. ಅದರಲ್ಲಿ ಮೂರರಲ್ಲಿ ಎರಡು ಭಾಗ ಬಿಸಾಡಿದರು! ಒಟ್ಟಾರೆ ಸೊರಗಿದ ಮರಿಯಿಂದ ಯಾವ ಅಂಗ ಹೇಗೆ ಬೆಳೆಯುತ್ತದೆ ಅಂತ ತಿಳಿಯುವುದಿಲ್ಲ, ಅದಕ್ಕೆ. 1163 ಉಳಿಸಿಕೊಂಡರು. ಅವುಗಳಲ್ಲಿ 894ನ್ನು ಒಂದರ ಜೊತೆ ಒಂದು ಕೂಡಿಸಿ, ಎರಡರಲ್ಲೂ ಕೆಟ್ಟಿರುವುದು ಒಂದೇ ಜೀನೋ ಬೇರೆಯೋ ಅಂತ ನೋಡಿದ ಮೇಲೆ ಬಂದ ಲೆಕ್ಕ ಈ 372. ಬಿಸಾಡಿದ್ದನ್ನು ಹೇಳದೆ ಉಳಿದಿದ್ದನ್ನು ಹೇಳಿದರೆ ಓದುಗನಿಗೆ ಅದು ಸುಮ್ನೆ ಒಂದು ಅಂಕಿ.

'ಜೀವಕೋಶವೆಂದರೆ ದೇಹದ ಇಟ್ಟಿಗೆ' ಅನ್ನೋದು ಬೇಡ. ಇಟ್ಟಿಗೆ ಇಟ್ಟಲ್ಲೇ ಇರುತ್ತದೆ. ಈ ಮೀನಿನ ಭ್ರೂಣ ಪಾರದರ್ಶಕ, ಕೋಶಗಳು ಒಡೆಯುವುದು, ಜಾಗ ಬದಲಿಸುವುದು ಎಲ್ಲ ಕಾಣುತ್ತದೆ. ಮೊದಲ ವಿಭಜನೆಗೆ ಮುಕ್ಕಾಲು ಗಂಟೆ, ಆಮೇಲೆ ಶುರುವಿನಲ್ಲಿ ಹದಿನೈದು ನಿಮಿಷಕ್ಕೊಂದು. ಪಟ್ಟೆಗಳ ಬಗ್ಗೆ ನೀವು ಬರೆದೇ ಇಲ್ಲ! ಅವರು ಆಮೇಲಿನ ವರ್ಷಗಳಲ್ಲಿ ಹಿಡಿದದ್ದು ಅದನ್ನೇ. ಕಪ್ಪು, ಹಳದಿ, ಬೆಳ್ಳಿ ಬಣ್ಣದ ಮೂರು ಬಗೆಯ ಕೋಶಗಳು ಪರಸ್ಪರ ತಳ್ಳಿ ಎಳೆದು ಪಟ್ಟೆ ಮಾಡುತ್ತವೆ. 'ಲೆಪರ್ಡ್' ಅನ್ನೋ ಜೀನ್ ಕೆಟ್ಟರೆ ಪಟ್ಟೆ ಹೋಗಿ ಚುಕ್ಕೆ ಬರುತ್ತದೆ.

'ಮನೆ, ಮಕ್ಕಳು, ಲ್ಯಾಬ್ ಎಲ್ಲವನ್ನೂ ತೂಗಿಸಿದ ಮಹಿಳೆ' ಎಂದಿದ್ದೀರಿ. ಅವರಿಗೆ ಮಕ್ಕಳಿಲ್ಲ. ವಿಜ್ಞಾನಿ ಹೆಣ್ಣಾದರೆ ಈ ಸಾಲು ತಾನಾಗಿ ಬಂದುಬಿಡುತ್ತದೆ, ಎಚ್ಚರ. ಮಕ್ಕಳಿರುವ ಯುವ ಮಹಿಳಾ ವಿಜ್ಞಾನಿಗಳಿಗೆ ಮನೆಗೆಲಸದವರನ್ನು ಇಟ್ಟುಕೊಳ್ಳಲು, ಮಗು ನೋಡಿಕೊಳ್ಳುವವರಿಗೆ ಕೊಡಲು ದುಡ್ಡು ಸಿಗಲಿ ಅಂತ 2004ರಲ್ಲಿ ಒಂದು ಪ್ರತಿಷ್ಠಾನ ಮಾಡಿದರು. ಅದನ್ನು ಬರೆಯಿರಿ.

ಕೊನೆಯಲ್ಲಿ ಕನ್ನಡದ ನಂಟು ಬೇಕು ಅಂತ ಕಾವೇರಿ ಮೀನುಗಳನ್ನು ತುರುಕಿದ್ದೀರಿ. ನಿಜವಾದ ನಂಟು ಬೇರೆ ಇದೆ. 1822ರಲ್ಲಿ ಗಂಗೆಯ ಮೀನುಗಳ ಜೊತೆ ಜೀಬ್ರಾಮೀನನ್ನೂ ವಿವರಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ ಸುತ್ತಿ ಬರೆದಿಟ್ಟ ಬುಕಾನನ್. ಒಂದು ವಾಕ್ಯ ಸಾಕು, ಜಾಸ್ತಿ ಎಳೆಯಬೇಡಿ.

ಉದ್ದ ಈಗಿನದರ ಅರ್ಧಕ್ಕೆ ಇಳಿಸಿ. 'ಅಪ್ರತಿಮ', 'ಅದ್ವಿತೀಯ' ತೆಗೆದರೇ ಸುಮಾರು ಇಳಿಯುತ್ತದೆ. ಅವರ ಹೆಸರನ್ನು ಮೂರು ಥರ ಬರೆದಿದ್ದೀರಿ, ಯಾವುದಾದರೂ ಒಂದೇ ಇರಲಿ. ಮುಂದಿನ ಸಂಚಿಕೆ ತುಂಬಿದೆ, ಅದರ ಮುಂದಿನದಕ್ಕೆ ನೋಡೋಣ. ಅವಸರವಿಲ್ಲ.