ಇಸ್ಲಾಮಿಕ್ ಆಡಳಿತವೋ, ಪಾಶ್ಚಾತ್ಯ ಸೆಕ್ಯುಲರ್ ಪ್ರಜಾಪ್ರಭುತ್ವವೋ? ಮುಸ್ಲಿಮನಾಗಿ ನಾನು ಯಾವುದರ ಪರ ನಿಲ್ಲಬೇಕು?

ನಿಮ್ಮ ಪ್ರಶ್ನೆ ಓದಿದಾಗ ಇಪ್ಪತ್ತೇಳು ವರ್ಷದ ನಾನೇ ಎದುರಿಗೆ ಬಂದು ಕುಳಿತಂತಾಯಿತು. ಗೆಳೆಯರ ಗುಂಪು ಎರಡು ಹೋಳಾಗಿದೆ, ಮಧ್ಯೆ ಸಿಕ್ಕಿಕೊಂಡಿದ್ದೀರಿ, ಪ್ರಜಾಪ್ರಭುತ್ವವೇ ಸರಿ ಎಂದುಬಿಟ್ಟರೆ ಈಮಾನಿಗೆ, ಅಂದರೆ ಧರ್ಮದ ಮೇಲಿನ ನಂಬಿಕೆಗೆ, ಕುಂದು ಬಂದೀತೇ ಎಂಬ ಭಯ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾನು ಹೊಡೆದು ಹಾಕಿದ ಒಂದು ಸಾಲಿನ ಕಥೆ ಕೇಳಿ.

ನಮ್ಮದು ದಾವಣಗೆರೆ, ಮಂಡಕ್ಕಿ ಭಟ್ಟಿಗಳ ಓಣಿ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಕೇಳುತ್ತಲೇ ಬೆಳೆದವನು ನಾನು. ಮಸೀದಿಯ ಮುಂದೆ ಮಸೀದಿಗೇ ಸೇರಿದ ಆರು ಮಳಿಗೆಗಳಿದ್ದವು, ಅದರಲ್ಲಿ ಒಂದರಲ್ಲಿ ಅಬ್ಬಾ ಮಂಡಕ್ಕಿ ವ್ಯಾಪಾರ ಮಾಡುತ್ತಿದ್ದರು. ಸೇರಿನಲ್ಲಿ ಅಳೆಯುವಾಗ ಗಿರಾಕಿ ಬೇರೆಲ್ಲೋ ನೋಡುತ್ತಿದ್ದರೆ ಅವರು ಅಳೆಯುತ್ತಿರಲಿಲ್ಲ. ‘ಇತ್ತ ನೋಡಿ’ ಎಂದು ಕರೆದು, ಅವರ ಕಣ್ಣು ಸೇರಿನ ಮೇಲೆ ಬಿದ್ದ ಮೇಲೆಯೇ ಚೀಲಕ್ಕೆ ಸುರಿಯುತ್ತಿದ್ದರು. ಮೂವತ್ತು ವರ್ಷದ ಪರಿಚಯದ ಗಿರಾಕಿಗೂ ಇದೇ ಕ್ರಮ. ನನಗೆ ಅದು ವ್ಯಾಪಾರಿಯ ನಾಟಕದಂತೆ ಕಾಣುತ್ತಿತ್ತು.

1990ರಲ್ಲಿ ನಮ್ಮೂರಿನಲ್ಲಿ ಗಲಭೆಯಾದಾಗ ನನಗೆ ಹದಿನಾಲ್ಕು. ಕರ್ಫ್ಯೂ ಇದ್ದ ದಿನಗಳಲ್ಲಿ ಮನೆಯೊಳಗೆ ಕುಳಿತು, ಮತ ಹಾಕಿಸಿಕೊಂಡವರೆಲ್ಲ ಎಲ್ಲಿ ಹೋದರು ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದುದು ತಲೆಯಲ್ಲಿ ಉಳಿಯಿತು. ಕಾಲೇಜಿಗೆ ಬರುವ ಹೊತ್ತಿಗೆ ನಾನು ಖಿಲಾಫತ್ತಿನ, ಅಂದರೆ ಖಲೀಫರ ಆಡಳಿತದ, ವಕೀಲ. ಸಿಕ್ಕಿದ ಕಿರುಹೊತ್ತಿಗೆಗಳನ್ನೆಲ್ಲ ಓದಿ, ಚುನಾವಣೆ ಎಂದರೆ ತಲೆ ಎಣಿಸುವ ಆಟ, ಇಸ್ಲಾಮಿನಲ್ಲಿ ಶೂರಾ, ಅಂದರೆ ಸಮಾಲೋಚನೆ, ಇದೆ, ಅಲ್ಲಿ ತೂಕ ಯೋಗ್ಯತೆಗೆ ಎಂದು ಭಾಷಣ ಬಿಗಿಯುತ್ತಿದ್ದೆ.

ರಾಜ್ಯಶಾಸ್ತ್ರದ ಮೇಷ್ಟ್ರು ಒಬ್ಬರಿದ್ದರು, ಲಿಂಗಾಯತರು, ಬಹಳ ತಾಳ್ಮೆಯವರು. ಒಂದು ಸಂಜೆ ಕರೆದು, 1953ರಲ್ಲಿ ಲಾಹೋರಿನ ಸುತ್ತ ನಡೆದ ಅಹಮದಿಯಾ ಪಂಗಡದ ವಿರುದ್ಧದ ಗಲಭೆಯ ಬಗ್ಗೆ ನ್ಯಾಯಮೂರ್ತಿಗಳಾದ ಮುನೀರ್ ಮತ್ತು ಕಯಾನಿ 1954ರಲ್ಲಿ ಕೊಟ್ಟ ವರದಿಯ ಒಂದು ಭಾಗ ತೋರಿಸಿದರು. ಅಲ್ಲಿ ಇಸ್ಲಾಮಿಕ್ ಆಡಳಿತದ ಪ್ರತಿಪಾದಕರಾದ ಮೌಲಾನಾ ಮೌದೂದಿಯವರಿಗೆ ಒಂದು ಪ್ರಶ್ನೆ ಹಾಕಿದ್ದಾರೆ. ಪಾಕಿಸ್ತಾನದಲ್ಲಿ ನೀವು ಹೇಳುವ ಆಡಳಿತ ಬಂದು, ಅದೇ ರೀತಿ ಭಾರತದ ಹಿಂದೂಗಳೂ ತಮ್ಮ ಧರ್ಮದ ಮೇಲೆ ಸಂವಿಧಾನ ಕಟ್ಟಿಕೊಂಡು, ಮುಸ್ಲಿಮರನ್ನು ಮನುವಿನ ಕಾನೂನಿನಂತೆ ಶೂದ್ರರು, ಮ್ಲೇಚ್ಛರು ಎಂದು ನಡೆಸಿಕೊಂಡರೆ? ನನ್ನ ಆಕ್ಷೇಪವೇನೂ ಇಲ್ಲ ಎಂದು ಮೌದೂದಿ ಉತ್ತರಿಸಿದ್ದಾರೆ. ‘ಅವರಿಗೆ ಆಕ್ಷೇಪವಿಲ್ಲವಂತೆ. ನಿನಗೆ?’ ಎಂದರು ಮೇಷ್ಟ್ರು. ಅದು ಪಾಕಿಸ್ತಾನದ ವಿಷಯ ಸಾರ್ ಎಂದು ಜಾರಿಕೊಂಡೆ. ಆ ಆಕ್ಷೇಪವಿಲ್ಲದ ಜಾಗದಲ್ಲಿ ಬದುಕುತ್ತಿದ್ದವನು ನಾನೇ ಎಂಬುದು ಹೊಳೆಯಲಿಲ್ಲ. ಹೊಳೆದರೂ ಒಪ್ಪಿಕೊಳ್ಳುವ ವಯಸ್ಸಲ್ಲ.

2003ರಲ್ಲಿ ನಮ್ಮ ಮಸೀದಿ ಸಮಿತಿಯ ಬೈಲಾ, ಅಂದರೆ ನಿಯಮಾವಳಿ, ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಓಣಿಯಲ್ಲಿ ಡಿಗ್ರಿ ಮಾಡಿದ್ದವರು ನಾವು ಮೂರೇ ಜನ. ಚುನಾವಣೆಗಳು ಹೊಲಸಾಗಿದ್ದವು, ಅದು ನಿಜ. ಎರಡು ಮನೆತನಗಳ ಜಗಳ, ಮತಕ್ಕೊಂದು ಬಿರಿಯಾನಿ, ಕಡೆಗೆ ಪೊಲೀಸ್ ಜೀಪು. ಹಳೆಯ ಬೈಲಾದಲ್ಲಿ ಹೀಗೊಂದು ಸಾಲಿತ್ತು: ‘ಸಮಿತಿಯ ಅವಧಿ ಮೂರು ವರ್ಷ, ಅವಧಿ ಮುಗಿದೊಡನೆ ಸಮಿತಿಯು ತಾನಾಗಿ ವಿಸರ್ಜನೆಗೊಂಡು ಚುನಾವಣೆ ನಡೆಯತಕ್ಕದ್ದು.’ ನಾನು ಅದರ ಮೇಲೆ ಕೆಂಪು ಗೆರೆ ಎಳೆದು, ಕುರ್‌ಆನಿನ 42ನೇ ಅಧ್ಯಾಯದ 38ನೇ ಆಯತ್ತನ್ನು, ವಿಶ್ವಾಸಿಗಳ ಕಾರ್ಯಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆ ಎಂಬುದನ್ನು, ಮೇಲೆ ಬರೆದು, ಕೆಳಗೆ ಹೀಗೆ ಸೇರಿಸಿದೆ: ‘ಜಮಾತಿನ ವಿಶ್ವಾಸವಿರುವವರೆಗೆ ಅಧ್ಯಕ್ಷರು ಮುಂದುವರಿಯತಕ್ಕದ್ದು.’ ಡಿ.ಟಿ.ಪಿ. ಅಂಗಡಿಯವನಿಗೆ ಆ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಲು ಹೇಳಿದ್ದೆ. ವಕ್ಫ್ ಮಂಡಳಿಯ ಒಪ್ಪಿಗೆಗೆ ಕಳಿಸುವ ಗೋಜಿಗೂ ಹೋಗಲಿಲ್ಲ, ಅಲ್ಲಾಹನ ಮಾತಿಗೆ ಸರ್ಕಾರದ ಮೊಹರೇಕೆ ಎಂಬ ಹುಮ್ಮಸ್ಸು.

ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ದಯವಿಟ್ಟು ಅವಸರ ಮಾಡಬೇಡಿ. ನನ್ನ ತಪ್ಪು ಶೂರಾ ತಂದದ್ದಲ್ಲ. ನನ್ನ ತಪ್ಪು ‘ತಾನಾಗಿ’ ಎಂಬ ಪದವನ್ನು ತೆಗೆದದ್ದು. ಮೊದಲ ಸಾಲಿನಲ್ಲಿ ಯಾರೂ ಧೈರ್ಯ ಮಾಡಬೇಕಾಗಿಲ್ಲ. ತಾರೀಖು ಬಂತು, ಕುರ್ಚಿ ಖಾಲಿಯಾಯಿತು, ಕೂತವನು ಕೆಟ್ಟವನೆಂದು ಯಾರೂ ಹೇಳಬೇಕಾಗಿಲ್ಲ. ಒಳ್ಳೆಯವನಾದರೆ ಮತ್ತೆ ಬರಲಿ. ನನ್ನ ಸಾಲಿನಲ್ಲಿ ಹಾಗಲ್ಲ. ಅಲ್ಲಿ ಒಬ್ಬ ಮನುಷ್ಯ ಎಲ್ಲರೆದುರು ಎದ್ದು ನಿಂತು ‘ನಿಮ್ಮ ಮೇಲೆ ನನಗೆ ವಿಶ್ವಾಸವಿಲ್ಲ’ ಎನ್ನಬೇಕು. ಹೇಳುವವರು ಯಾರು? ಮಗಳ ನಿಕಾಹಿಗೆ ಸಮಿತಿಯ ಪತ್ರ ಬೇಕಾದವನೇ? ಖಬರಸ್ತಾನದಲ್ಲಿ ತಾಯಿಯ ಪಕ್ಕ ಜಾಗ ಕೇಳಬೇಕಾದವನೇ? ವಿಶ್ವಾಸವನ್ನು ಅಳೆಯುವುದು ಹೇಗೆ, ಯಾವಾಗ, ಎಷ್ಟು ಜನ ಬೇಕು, ಕೈ ಎತ್ತಿಯೋ ಚೀಟಿಯಲ್ಲೋ, ಇದ್ಯಾವುದನ್ನೂ ನಾನು ಬರೆದಿರಲಿಲ್ಲ. ಒಳ್ಳೆಯವರನ್ನು ಆರಿಸಿದರೆ ಇವೆಲ್ಲ ಬೇಕಾಗುವುದಿಲ್ಲ ಎಂದುಕೊಂಡಿದ್ದೆ.

ಒಳ್ಳೆಯವರನ್ನೇ ಆರಿಸಿದೆವು, ಅದೇ ತಮಾಷೆ. ಹಾಜಿ ಸಾಹೇಬರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು, ಐದು ಹೊತ್ತಿನ ನಮಾಜು ತಪ್ಪಿಸದವರು. ಅವರು ಒಂದು ರೂಪಾಯಿ ತಿಂದರೆಂದು ಇವತ್ತಿಗೂ ನಾನು ಹೇಳುವುದಿಲ್ಲ. ಆದರೆ ಅಂಥವರನ್ನು ಲೆಕ್ಕ ಕೇಳುವುದು ಹೇಗೆ? ಕೇಳಿದರೆ ಅದು ಲೆಕ್ಕದ ಪ್ರಶ್ನೆಯಾಗುವುದಿಲ್ಲ, ಅವರ ಪ್ರಾಮಾಣಿಕತೆಯ ಪ್ರಶ್ನೆಯಾಗುತ್ತದೆ. ಐದು ವರ್ಷ ಯಾರೂ ಕೇಳಲಿಲ್ಲ. 1995ರ ವಕ್ಫ್ ಕಾಯ್ದೆಯ ಪ್ರಕಾರ ವರ್ಷವರ್ಷ ಮಂಡಳಿಗೆ ಲೆಕ್ಕ ಕೊಡಬೇಕು, ಅದನ್ನೂ ಕೊಡಲಿಲ್ಲ. 2008ರಲ್ಲಿ ಹಳೆಯ ಮಳಿಗೆಗಳನ್ನು ಕೆಡವಿ ಹೊಸ ಕಟ್ಟಡ ಎಂದಾಯಿತು. ಮುಂಗಡ ಎಷ್ಟು, ಯಾರಿಗೆ ಯಾವ ಮಳಿಗೆ ಎಂಬುದೆಲ್ಲ ಅವರ ಸುತ್ತಲಿನ ನಾಲ್ಕು ಜನರ ನಡುವೆ ತೀರ್ಮಾನವಾಯಿತು.

ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಎದ್ದು ನಿಂತೆ. ಲೆಕ್ಕ ಓದಿ ಎಂದೆ. ಹಿಂದಿನಿಂದ ಯಾರೋ ‘ಫಿತ್ನಾ’ ಎಂದರು, ಒಡಕು ಹುಟ್ಟಿಸುವ ಕೆಲಸ ಎಂದರ್ಥ. ಹಾಜಿ ಸಾಹೇಬರು ಸಿಟ್ಟಾಗಲಿಲ್ಲ. ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಒಂದು ಹಾಳೆ ತೆಗೆದು, ದಪ್ಪ ಅಕ್ಷರದ ಸಾಲನ್ನು ನಿಧಾನವಾಗಿ ಓದಿದರು. ‘ಇದು ನೀನೇ ಬರೆದದ್ದಲ್ಲವೇ ಬೇಟಾ? ವಿಶ್ವಾಸ ಇಲ್ಲದವರು ಕೈ ಎತ್ತಲಿ’ ಎಂದರು.

ಇನ್ನೂರು ಜನರಿದ್ದರು. ನನ್ನ ಪಕ್ಕದಲ್ಲಿದ್ದ ಭಟ್ಟಿಯ ಹುಡುಗ, ಹಿಂದಿನ ರಾತ್ರಿಯಷ್ಟೇ ‘ಕೇಳಿ ಭಾಯ್, ನಾವಿದ್ದೇವೆ’ ಎಂದವನು, ಕೈಯನ್ನು ಭುಜದ ತನಕ ತಂದು ಕಿವಿ ಕೆರೆದುಕೊಂಡ. ಎದ್ದದ್ದು ಎರಡೇ ಕೈ. ಒಂದು ನನ್ನದು. ಇನ್ನೊಂದು ಎರಡು ಸಾಲು ಮುಂದೆ, ಮೊಣಕೈಗೆ ಮಂಡಕ್ಕಿಯ ಹೊಟ್ಟು ಅಂಟಿಕೊಂಡಿದ್ದ ಕೈ. ಅಬ್ಬಾ ಹಿಂದಿರುಗಿ ನನ್ನ ಕಡೆ ನೋಡಲಿಲ್ಲ.

ಹೊಸ ಕಟ್ಟಡದಲ್ಲಿ ನಮಗೆ ಮಳಿಗೆ ಸಿಗಲಿಲ್ಲ. ಅಬ್ಬಾ 2012ರಲ್ಲಿ ತೀರಿಕೊಳ್ಳುವವರೆಗೆ ಕೈಗಾಡಿಯಲ್ಲಿ ಮಂಡಕ್ಕಿ ಮಾರಿದರು. ಆ ಸಾಲಿನ ಬಗ್ಗೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಷ್ಟಾದ ಮೇಲೆ ನಿಮ್ಮ ಪ್ರಶ್ನೆಗೆ ಬಂದರೆ, ಅದರ ಬುಡವೇ ನನಗೆ ಒಪ್ಪಿಗೆಯಿಲ್ಲ. ಪಾಶ್ಚಾತ್ಯ ಸೆಕ್ಯುಲರ್ ವ್ಯವಸ್ಥೆ ಎಂಬ ಒಂದೇ ಡಬ್ಬಿ ಎಲ್ಲಿದೆ? ಫ್ರಾನ್ಸ್ 2004ರಲ್ಲಿ ಸರ್ಕಾರಿ ಶಾಲೆಯ ಹುಡುಗಿಯರ ತಲೆವಸ್ತ್ರ ತೆಗೆಸಿತು, ಬ್ರಿಟನ್ನಿನ ಮೇಲ್ಮನೆಯಲ್ಲಿ 26 ಬಿಷಪ್ಪರಿಗೆ ಕುರ್ಚಿಯಿದೆ. ಇಸ್ಲಾಮಿಕ್ ಆಡಳಿತ ಎನ್ನುವ ಡಬ್ಬಿಯೂ ಅಷ್ಟೇ, ಸೌದಿಯ ದೊರೆತನಕ್ಕೂ ಇರಾನಿಗೂ ಹೋಲಿಕೆಯೇ ಇಲ್ಲ. ಇರಾನಿನದು ನನಗೆ ಹೆಚ್ಚು ಪರಿಚಿತ ಅನಿಸುತ್ತದೆ. ಅಲ್ಲಿ ಮತದಾನ ಇದೆ. ಆದರೆ ಯಾರು ನಿಲ್ಲಬಹುದೆಂದು ಮೊದಲೇ ಜರಡಿ ಹಿಡಿಯುವುದು 12 ಜನರ ರಕ್ಷಕ ಮಂಡಳಿ, ಅದರಲ್ಲಿ 6 ಧರ್ಮಶಾಸ್ತ್ರಜ್ಞರನ್ನು ನೇಮಿಸುವುದು ಸರ್ವೋಚ್ಚ ನಾಯಕ. ಆ ನಾಯಕನನ್ನು ಇಳಿಸುವ ಅಧಿಕಾರ ತಜ್ಞರ ಸಭೆಗೆ ಉಂಟು, ಆದರೆ ಆ ಸಭೆಗೆ ನಿಲ್ಲುವವರನ್ನೂ ಅದೇ ಮಂಡಳಿ ಸೋಸುತ್ತದೆ. ಕಾಗದದಲ್ಲಿ ಬಾಗಿಲಿದೆ, ಕೀಲಿ ಒಳಗಿನವರ ಕೈಯಲ್ಲಿದೆ. ನನ್ನ ಬೈಲಾ ಥೇಟ್ ಇದೇ.

ಹಾಗೆಂದು ನಿಮ್ಮ ಸೆಕ್ಯುಲರ್ ಗೆಳೆಯರು ಬೀಗುವುದು ಬೇಡ. ಮಳಿಗೆ ಕಳೆದುಕೊಂಡ ಮೇಲೆ ನಾನು ನಮ್ಮ ಸಂವಿಧಾನವನ್ನು ಹಟದಿಂದ ಓದಿದೆ. 83ನೇ ವಿಧಿಯಲ್ಲಿ, ಐದು ವರ್ಷ ಮುಗಿಯುವುದೇ ಲೋಕಸಭೆಯ ವಿಸರ್ಜನೆ ಎಂದಿದೆ. ನಾನು ಕೆಂಪು ಗೆರೆ ಎಳೆದ ಸಾಲೇ ಅಲ್ಲಿ ಕೂತಿತ್ತು! ಈ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಎಳೆದದ್ದು ಯಾವುದು ಗೊತ್ತೇ? ತುರ್ತು ಪರಿಸ್ಥಿತಿಯಲ್ಲಿ ಬಂದ 1976ರ 42ನೇ ತಿದ್ದುಪಡಿ. ಪೀಠಿಕೆಗೆ ‘ಸೆಕ್ಯುಲರ್’ ಪದ ಸೇರಿಸಿದ್ದೂ ಅದೇ ತಿದ್ದುಪಡಿ. 1978ರ 44ನೇ ತಿದ್ದುಪಡಿ ಮತ್ತೆ ಐದಕ್ಕೆ ಇಳಿಸಿತು. ಒಳ್ಳೆಯ ಪದವನ್ನು ಮೇಲೆ ಬರೆದು ಕೆಳಗೆ ತಾರೀಖು ತಿದ್ದುವ ಚಾಳಿ ನನ್ನೊಬ್ಬನದಲ್ಲ.

ಈಮಾನಿನ ಭಯದ ಬಗ್ಗೆ: ದೇವಬಂದ್ ಮದ್ರಸಾದ ಮೌಲಾನಾ ಹುಸೇನ್ ಅಹಮದ್ ಮದನಿ 1938ರಲ್ಲೇ ಈ ವಾದದಲ್ಲಿ ಕವಿ ಇಕ್ಬಾಲರಂಥವರನ್ನು ಎದುರು ಹಾಕಿಕೊಂಡು, ಹಿಂದೂ ಮುಸ್ಲಿಮರು ಕೂಡಿ ಒಂದೇ ರಾಷ್ಟ್ರ ಎಂದು ನಿಂತರು. ಪ್ರವಾದಿಯವರು ಮದೀನಾದಲ್ಲಿ ಯಹೂದಿ ಕುಲಗಳನ್ನೂ ಸೇರಿಸಿಕೊಂಡು ಮಾಡಿದ ಒಪ್ಪಂದವೇ ಅವರಿಗೆ ಆಧಾರವಾಗಿತ್ತು. ಅವರ ಈಮಾನಿಗಿಂತ ನಿಮ್ಮದು ಗಟ್ಟಿಯೇ? ನನ್ನದಂತೂ ಅಲ್ಲ. ಖಲೀಫಾ ಉಮರರ ಬಟ್ಟೆಯ ಕಥೆ ನೀವೂ ಕೇಳಿರುತ್ತೀರಿ. ಎಲ್ಲರಿಗೂ ಒಂದೊಂದು ತುಂಡು ಸಿಕ್ಕಿದಾಗ ನಿಮ್ಮ ಅಂಗಿಗೆ ಎರಡು ತುಂಡು ಹೇಗೆ ಬಂತು ಎಂದು ಒಬ್ಬರು ಎದ್ದು ಕೇಳಿದರು, ಮಗ ತನ್ನ ಪಾಲನ್ನು ಕೊಟ್ಟೆನೆಂದು ಸಾಕ್ಷಿ ಹೇಳಿದ. ಪ್ರವಚನಗಳಲ್ಲಿ ಇದನ್ನು ಉಮರರ ದೊಡ್ಡತನಕ್ಕಾಗಿ ಹೇಳುತ್ತಾರೆ. ನನಗೀಗ ಎದ್ದು ನಿಂತವರೇ ಕಣ್ಣಿಗೆ ಬರುತ್ತಾರೆ, ಎದುರಿಗೆ ಉಮರರಲ್ಲದೆ ಬೇರೆ ಯಾರೋ ಇದ್ದಿದ್ದರೆ ಅವರ ಮಳಿಗೆ ಏನಾಗುತ್ತಿತ್ತು ಎಂದು.

ಆದ್ದರಿಂದ ಯಾವ ಬಣಕ್ಕೂ ಸೇರಬೇಡಿ. ಮುಂದಿನ ಸಲ ವಾದ ಎದ್ದಾಗ ಎರಡೂ ಕಡೆಯವರನ್ನು ಕೇಳಿ: ನಿಮ್ಮ ಆಳುವವನು ಯಾವ ತಾರೀಖಿಗೆ ಇಳಿಯುತ್ತಾನೆ, ಲೆಕ್ಕ ಯಾರ ಮುಂದೆ ಓದುತ್ತಾನೆ? ಅದಕ್ಕೂ ಮೊದಲು ನಿಮ್ಮ ಓಣಿಯ ಮಸೀದಿಯ ಬೈಲಾ ತರಿಸಿ ಓದಿ. ಜಗತ್ತಿನ ಆಡಳಿತದ ಬಗ್ಗೆ ಮಾತಾಡುವ ನಮ್ಮ ಹುಡುಗರಲ್ಲಿ ಅದನ್ನು ಓದಿದವರನ್ನು ನಾನು ಕಂಡಿಲ್ಲ.

ನಮ್ಮ ಕಥೆ ಏನಾಯಿತೆಂದರೆ, ನಾನು ವಕ್ಫ್ ಕಚೇರಿಗೆ ಅಲೆದೆ. ನನ್ನ ಬೈಲಾಕ್ಕೆ ಮಂಡಳಿಯ ಒಪ್ಪಿಗೆ ಇಲ್ಲದ್ದೇ ಕಡೆಗೆ ಉಪಕಾರವಾಗಿ, ಹಳೆಯ ಸಾಲು ಮತ್ತೆ ಜೀವ ಪಡೆಯಿತು. 2013ರಲ್ಲಿ ಚೀಟಿ ಹಾಕಿ ಚುನಾವಣೆಯಾಯಿತು. ನಾನು ನಿಂತೆ, ಸೋತೆ. ಗೆದ್ದವರು ಹಾಜಿ ಸಾಹೇಬರೇ, ಅದೂ ದೊಡ್ಡ ಅಂತರದಲ್ಲಿ. ಮೂರು ವರ್ಷವಾದ ಮೇಲೆ ತಾವಾಗಿಯೇ ಇಳಿದರು. ಹೋಗುವ ಮೊದಲು ಚಪ್ಪಲಿ ಬಿಡುವ ಜಾಗದ ಪಕ್ಕದ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿಸಿದರು. ಪ್ರತಿ ಶುಕ್ರವಾರ ಅದರ ಮೇಲೆ ಜಮಾ ಖರ್ಚು ಬರೆಯುತ್ತಾರೆ: ಬಾಡಿಗೆ, ಚಂದಾ, ಕರೆಂಟು ಬಿಲ್ಲು, ಫ್ಯಾನಿನ ರಿಪೇರಿ. ಅಂದು ಕಿವಿ ಕೆರೆದುಕೊಂಡ ಹುಡುಗನೇ ಈಗ ಖಜಾಂಚಿ. ಮೊನ್ನೆಯ ಶುಕ್ರವಾರ ಕೂಡಿಸಿ ನೋಡಿದೆ, 40 ರೂಪಾಯಿ ವ್ಯತ್ಯಾಸ ಬಂತು. ಬೆರಳಿಟ್ಟು ತೋರಿಸಿದೆ. ಅವನು ಮುಖ ಸಿಂಡರಿಸಿಕೊಂಡೇ ಸೀಮೆಸುಣ್ಣ ಹುಡುಕಿ ತಂದು ಅಳಿಸಿ ಬರೆದ.